ಮಾತಾಡಬಾರದ ಗೋಡೆ

ನೀಲವ್ವನ ಬಳೆ ಅಂಗಡಿಯ ಗೋಡೆಗೆ ಊರಿನ ಪರಂಪರೆ ಸಂಘದವರು ಸ್ಮಾರಕದ ಕಲ್ಲು ಕೂರಿಸಲು ಬಂದಾಗ ಕಾರ್ಯದರ್ಶಿ ಗುರುಪಾದಪ್ಪ ಮೊದಲೇ ಹೇಳಿಬಿಟ್ಟರು: "ನಾಳಿಂದ ಇಲ್ಲಿ ಯಾರೂ ಮಾತಾಡಂಗಿಲ್ರಿ. ಅಂಗಡಿಗೆ ಬ್ಯಾರೆ ಜಾಗ ನೋಡ್ಕೋಬೇಕು."

ಗೋಡೆಗಳು ಮಾತು ಹೀರಿಕೊಳ್ಳುತ್ತವೆ, ಹೊಸದು ಕೂತರೆ ಅದೇ ಎತ್ತರದ ಹಳೆಯದು ಮುಚ್ಚಿಹೋಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಈ ಗೋಡೆಗೆ ಕಿವಿಯಿಟ್ಟರೆ ಸ್ವಾತಂತ್ರ್ಯ ಹೋರಾಟದ ಕಾಲದ ಭಾಷಣವೊಂದು ಕೇಳುತ್ತಿತ್ತು. ಅದೇ ಗೋಡೆಯಲ್ಲಿ ತೀರಿಹೋದ ಗಂಡ ಮೈಲಾರಪ್ಪನ ದನಿಯೂ ಇತ್ತು. ಅದು ಮುಚ್ಚಿಹೋಗಬಾರದೆಂದೇ ನೀಲವ್ವ ಹೊಸ್ತಿಲಾಚೆ ಕೂತು ಬಳೆ ತೊಡಿಸುತ್ತಿದ್ದಳು. ಸಂಘದವರಿಗೆ ಇದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಸಮಾರಂಭವೆಂದ ಮೇಲೆ ಭಾಷಣ ಬೇಕಲ್ಲ. ಗೋಡೆಯ ಪಕ್ಕದಲ್ಲೇ ಒಬ್ಬರು ನಿಂತು ಸ್ವಾಗತ ಕೋರಿದರು. ಅಧ್ಯಕ್ಷರು ಮೌನದ ಮಹತ್ವ ಕುರಿತು ಗಂಟಲು ಹರಿಯುವಂತೆ ಮಾತಾಡಿದರು. ಗುರುಪಾದಪ್ಪ ಶಾಮಿಯಾನದ ಹುಸೇನಸಾಬರನ್ನೂ ಬಿಡದೆ ವಂದನಾರ್ಪಣೆ ಮುಗಿಸಿದರು.

"ನೀವೂ ಎರಡು ಮಾತಾಡ್ರಿ ನೀಲವ್ವಾರೆ," ಎಂದರು.

ಅವಳು ತಲೆಯಾಡಿಸಿ ಒಲ್ಲೆನೆಂದಳು.

ಕಡೆಗೆ ಅಧ್ಯಕ್ಷರು ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು. ಹೋರಾಟದ ಭಾಷಣದ ಒಂದಕ್ಷರವೂ ಕೇಳಲಿಲ್ಲ. ಹುಸೇನಸಾಬರ ಹೆಸರು ಮಾತ್ರ ಸ್ಪಷ್ಟವಾಗಿತ್ತು. ಯಾರೂ ಯಾರ ಮುಖವನ್ನೂ ನೋಡದೆ ಕಲ್ಲನ್ನು ಮತ್ತೆ ಟೆಂಪೋಗೆ ಹೇರಿದರು.

ಎಲ್ಲರೂ ಹೋದಮೇಲೆ ನೀಲವ್ವ ಅಳುಕುತ್ತಲೇ ಗೋಡೆಯ ಪಕ್ಕ ನೆಲಕ್ಕೆ ಕೂತಳು. ಭಾಷಣ ಮಾಡುವವರು ನಿಂತು ಮಾಡುತ್ತಾರೆ. ಮೈಲಾರಪ್ಪ ಜೀವನವಿಡೀ ಕೂತು ಬಳೆ ತೊಡಿಸಿದವನು. ಅವಳು ಗೋಡೆಯ ಬುಡಕ್ಕೆ ಕಿವಿ ಹಚ್ಚಿದಳು.

"ಕೈ ಸಡಿಲ ಬಿಡವಾ, ನೋಯಂಗಿಲ್ಲ."