ಹುಣಸೆ ನೀರಿಗೆ ಬಿದ್ದ ತೋಟಾ

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಉಜ್ಜುವಾಗಲೆಲ್ಲ ನನಗೆ ಕಾಡಂಚಿನ ಗೋಪಿನಾಥಂನ ನಮ್ಮ ಜಗುಲಿ ನೆನಪಾಗುತ್ತದೆ.

ತಾತನ ಬಳಿ ಲೈಸೆನ್ಸಿನ ಹಳೆಯ ಮಿಲಿಟರಿ ಕೋವಿಯಿತ್ತು. ಅದರ ತೋಟಾ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನೇ ಹುಣಸೆ ನೀರಲ್ಲಿ ತೊಳೆದು ಮತ್ತೆ ಮದ್ದು ತುಂಬುತ್ತಿದ್ದ. ಆ ಮಧ್ಯಾಹ್ನ ಒಂದು ಕೊಳವೆಯ ಬಾಯನ್ನು ಕೆಂಡಕ್ಕೆ ಹಿಡಿದ. ಹಿತ್ತಾಳೆಯ ಮೇಲೆ ನವಿಲುಗರಿಯ ಬಣ್ಣಗಳು ಹರಿದಾಡಿದವು. ಮಂಕಾಗಿ ಕೆಂಪಗಾದದ್ದೇ ನೀರಿಗೆ ಹಾಕಿದ. ಚುಂಯ್ ಎಂದಿತು.

“ಕಬ್ಬುಣ ಇಂಗ್ ಮಾಡುದ್ರೆ ಗಟ್ಟಿ ಆಯ್ತದೆ. ಇದು ಮೆತ್ತಗಾಯ್ತದೆ ಕಣವ್ವಾ. ಮೆತ್ತಗಾದ್ರೆ ಬಾಯಿ ಸೀಳಕಿಲ್ಲ,” ಎಂದ. ನಾನು ಬಗ್ಗಿ ನೋಡುತ್ತಿದ್ದೆ.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಚಿಕ್ಕಪ್ಪ ಎದ್ದು ಕೂತ. ಮನೆ ಹಿಂದಿನ ಜೋಳದ ಹೊಲದಲ್ಲಿ ಆ ಕಾಲು ಮುರಿದದ್ದು ಒಂಟಿ ಆನೆ.

“ಈ ಸಲ ಗುಂಡು ಆಕಪ್ಪಾ,” ಎಂದ.

ತಾತ ಒರೆಸಿ ಒಣಗಿಸಿದ ಕೊಳವೆಗೆ ಮದ್ದು ತುಂಬಿ, ಗುಂಡಿನ ಬದಲು ಅದರ ಮೇಲೆ ಬರೀ ತೆಂಗಿನ ನಾರು ಒತ್ತಿದ. “ಅದುಕ್ಕೆ ಸದ್ದು ಸಾಕು ಕಣ್ಲಾ.”

ಹೊತ್ತು ಇಳಿಯುವಾಗ ಹೊಲಕ್ಕೆ ಅದೇ ಆನೆ ಬಂತು. ತಾತ ಆಕಾಶಕ್ಕೆ ಹಾರಿಸಿದ. ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬಂತು. ಆನೆ ಕಿವಿ ಅಗಲಿಸಿ ನಿಂತು, ನಮ್ಮನ್ನೆಲ್ಲ ಒಮ್ಮೆ ನೋಡಿ, ಅವಸರವೇ ಇಲ್ಲದೆ ಕಾಡಿಗೆ ತಿರುಗಿತು.

ತಾತ ಬಿಸಿ ಆರದ ಕೊಳವೆಯನ್ನು ನನ್ನ ಲಂಗದ ಮಡಿಲಿಗೆ ಹಾಕಿದ. “ನೋಡವ್ವಾ, ಸೀಳಿಲ್ಲ.”

ಚಿಕ್ಕಪ್ಪ ಆನೆ ಹೋದ ದಿಕ್ಕನ್ನೇ ನೋಡಿದ. ಆಮೇಲೆ ನನ್ನತ್ತ ಕೈ ಚಾಚಿ ಕೊಳವೆ ತೆಗೆದುಕೊಂಡ. ಹುಣಸೆ ನೀರಿನ ಬಟ್ಟಲಲ್ಲಿ ಅದ್ದಿ, ಮೆಲ್ಲಗೆ ಉಜ್ಜತೊಡಗಿದ.