ಎಲುಬಿನ ಬಿಲ್ಲೆ

"ಥೂ, ತುಂಬ ಕಪ್ಪು ಚುಕ್ಕೆ!" ಸೂಕ್ಷ್ಮದರ್ಶಕದಡಿಯಿಂದ ಗಾಜಿನ ಪಟ್ಟಿಯನ್ನು ಕಿತ್ತವನೇ ಸಹಾಯಕ ಹುಡುಗ ನೆಲಕ್ಕೆ ಅಪ್ಪಳಿಸಲು ಕೈಯೆತ್ತಿದ. ಮೂರು ದಿನ ಕಲ್ಲಿನ ಮೇಲೆ ಉಜ್ಜಿ ಉಜ್ಜಿ, ಅಡಿಯಲ್ಲಿಟ್ಟ ಪೇಪರಿನ ಅಕ್ಷರ ಕಾಣುವಷ್ಟು ತೆಳ್ಳಗೆ ಮಾಡಿದ ಎಲುಬಿನ ಬಿಲ್ಲೆ ಅದರ ಮೇಲಿತ್ತು. ಇದೂ ಕೆಟ್ಟರೆ ನಾಳೆಯಿಂದ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸವಿಲ್ಲ.

"ಕೊಳೆ ತೊಳೆಯೋಕೂ ಬರಲ್ಲ," ಬಾಗಿಲಲ್ಲಿ ನಿಂತ ಹಿರಿಯ ಅಟೆಂಡರ್ ನಕ್ಕ. "ಏಳನೇ ಕ್ಲಾಸು ದಾಟದವನ ಕೈಗೆ ಎಲುಬು ಕೊಟ್ಟರೆ ಇನ್ನೇನಾಗುತ್ತೆ ಮೇಡಂ?"

"ತಡಿಯೋ!" ಪ್ರಯೋಗಾಲಯ ನಡೆಸುವ ಮೇಡಂ ಓಡಿಬಂದು ಅವನ ಮಣಿಕಟ್ಟು ಹಿಡಿದರು. ಪಟ್ಟಿಯನ್ನು ಕಸಿದು, ಮತ್ತೆ ಮಸೂರದಡಿ ಇಟ್ಟು ನೋಡಿದವರು ಕುಣಿಯುವುದೊಂದೇ ಬಾಕಿ. "ಕೊಳೆಯಲ್ಲ ಕಣೋ, ಮನೆಗಳು! ಒಂದೊಂದು ಚುಕ್ಕೇಲೂ ಒಂದೊಂದು ಜೀವಕೋಶ ಕೂತಿತ್ತು. ಈಗ ಖಾಲಿ, ಗಾಳಿ ತುಂಬಿದೆ, ಅದಕ್ಕೇ ಕಪ್ಪು. ಕೂದಲೆಳೆಯಷ್ಟು ದಪ್ಪ ಉಳಿದಿದ್ರೂ ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಇಲ್ಲಿ ಯಾರೂ ಹೀಗೆ ಉಜ್ಜಿಲ್ಲ!"

ಅವನು ಮತ್ತೆ ಕಣ್ಣಿಟ್ಟ. ನಡುವೆ ಒಂದು ತೂತು, ಅದರ ಸುತ್ತ ಕೊಯ್ದ ಮರದ ದಿಮ್ಮಿಯಲ್ಲಿದ್ದಂತೆ ಬಳೆ ಬಳೆ, ಬಳೆಗಳ ಗುಂಟ ಸಾಲು ಮನೆ, ಮನೆಯಿಂದ ಮನೆಗೆ ಎಳೆ ಎಳೆಯಾದ ದಾರಿ. ಊರಿಗೆ ಊರೇ! ತನ್ನ ಮುಂಗೈಯ ಎಲುಬನ್ನು ತಾನೇ ಒತ್ತಿ ನೋಡಿಕೊಂಡು ಬಾಗಿಲ ಕಡೆ ತಿರುಗಿದ.

"ಅಣ್ಣಾ, ನಾಲಿಗೆಗೆ ಎಲುಬಿಲ್ಲ ಅಂತಾರಲ್ಲ, ನಿಮ್ಮ ಪುಣ್ಯ. ಇದ್ದಿದ್ರೆ ಅದನ್ನೂ ಉಜ್ಜಿ ತೋರಿಸ್ತಿದ್ದೆ!"