ಭಾನುವಾರದ ಕರೆ

"ನಿನ್ನ ತಮ್ಮನನ್ನು ಕೊಂದುಬಿಟ್ಟರು. ಮೊದಲು ಆ ಹೆಂಗಸಿನ ಲೈನ್ ಕಟ್ ಮಾಡು," ಎಂದು ದಕ್ಷಿಣ ಸುಡಾನಿನಿಂದ ತಾಯಿಯ ದನಿ ಕೇಳಿದಾಗ, ವಿದೇಶದ ಕ್ಲೆಮೆಂಟಿ ಬಡಾವಣೆಯ ಬಾಡಿಗೆ ಕೋಣೆಯಲ್ಲಿದ್ದ ನ್ಯಾಂಡೆಂಗ್ ಯಾರ ಲೈನನ್ನೂ ಕಡಿಯಲಿಲ್ಲ. ಅದೇ ಕರೆಯಲ್ಲಿ, ಕೊಂದವರ ಊರಿನ ನ್ಯಾರುವಾಚ್ ಕೂಡ ಇದ್ದಳು. ದನಗಳಿಗಾಗಿ ಬಡಿದಾಡಿ ಎರಡೂ ಊರುಗಳು ಮಕ್ಕಳನ್ನು ಕಳೆದುಕೊಂಡ ಮೇಲೆ, ಈ ಇಬ್ಬರು ತಾಯಂದಿರನ್ನು ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ಮಾತಿಗೆ ಕೂಡಿಸುತ್ತಿದ್ದವಳು ನ್ಯಾಂಡೆಂಗೇ.

"ನನಗೂ ಈಗಷ್ಟೇ ಗೊತ್ತಾಯಿತು ಮಗಳೇ," ಎಂದು ನ್ಯಾರುವಾಚ್ ಬಿಕ್ಕಿದಳು.

ಭಾಷೆ ತಿಳಿಯದಿದ್ದರೂ ಗೆಳತಿಯ ಮುಖ ನೋಡಿ ಗಾಬರಿಯಾದ ಕೋಣೆಯ ಜೊತೆಗಾತಿ, ಮೈಸೂರಿನ ಪ್ರಣತಿ, "ಕಾಲ್ ಕಟ್ ಮಾಡೇ, ಆಮೇಲೆ ಮಾತಾಡು," ಎನ್ನುತ್ತ ಫೋನಿಗೆ ಕೈ ಚಾಚಿದಳು. ನ್ಯಾಂಡೆಂಗ್ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಅವ್ವಾ, ನಮ್ಮ ಹುಡುಗರೆಲ್ಲಿ?" ಎಂದು ಕೇಳಿದಳು.

"ಬಂದೂಕು ಹಿಡಿದು ಹೊರಟು ನಿಂತಿದ್ದಾರೆ."

"ನೀನು ಅಡ್ಡ ನಿಲ್ಲು. ನಿನ್ನ ಮಾತನ್ನು ಅವರು ಮೀರುವುದಿಲ್ಲ."

"ನಿಲ್ಲುತ್ತೇನೆ," ಎಂದಳು ತಾಯಿ. "ಆದರೆ ತಮ್ಮನಿಗಾಗಿ ಒಂದು ಹನಿ ಕಣ್ಣೀರು ಹಾಕುವ ಮೊದಲೇ ಅವರ ಮಕ್ಕಳನ್ನು ಉಳಿಸು ಅಂದೆಯಲ್ಲ. ಇನ್ನು ನನಗೆ ಫೋನ್ ಮಾಡಬೇಡ."

ತಾಯಿಯ ಲೈನ್ ಕಡಿಯಿತು. ಕರೆಯಲ್ಲಿ ನ್ಯಾರುವಾಚ್ ಒಬ್ಬಳೇ ಉಳಿದಿದ್ದಳು. ತಮ್ಮನಿಗಾಗಿ ನ್ಯಾಂಡೆಂಗ್ ಅತ್ತದ್ದು ಅವಳೆದುರಿಗೇ.